ಡೇಲ್ ಸಾಹೇಬರ ಬಂದೂಕಿಗೆ ಕುಂಕುಮ

ಮೆಕಿನ್ನಿ, ಟೆಕ್ಸಸ್
ವಿಜಯದಶಮಿ, ೨೦೧೬

ಅಕ್ಕಾ,

ಬನ್ನಿ ಕೊಟ್ಟು ಕಾಲಿಗೆ ಬೀಳಲು ಈ ಸಲ ನೀನು ಹತ್ತಿರವಿಲ್ಲ, ಈ ಕಾರ್ಡಿನಲ್ಲೇ ಬಿದ್ದಿದ್ದೇನೆ.

ಮಗಳ ಪಕ್ಕದ ಮನೆಯ ಡೇಲ್ ಸಾಹೇಬರು ಎಣ್ಣೆಬಾವಿಯ ಕೆಲಸದಿಂದ ನಿವೃತ್ತರಾದವರು. ಕಸ ಹಾಕಲು ಹೊರಟರೂ ಸೊಂಟದಲ್ಲಿ ಪಿಸ್ತೂಲು. “ಇದನ್ನು ಯಾವ ಸರ್ಕಾರವೂ ನನ್ನಿಂದ ಕಿತ್ತುಕೊಳ್ಳಲಾರದು” ಎಂದು ಸಿಕ್ಕಾಗಲೆಲ್ಲ ಹೇಳುತ್ತಾರೆ.

ನಿನ್ನೆ ಖಂಡೇಪೂಜೆಗೆ ಕಾರು, ಈಳಿಗೆ, ಡ್ರಿಲ್ಲಿಂಗ್ ಮಷೀನಿಗೆ ಕುಂಕುಮ ಹಚ್ಚುತ್ತಿದ್ದೆವು. ಇದೇನೆಂದು ಸಾಹೇಬರು ಬೇಲಿಯಾಚೆಯಿಂದ ಕೇಳಿದರು. “ಆಯುಧಕ್ಕ ಪೂಜಾ ಮಾಡೂ ಹಬ್ಬರೀ” ಅಂದೆ. ಮಗಳು ಇಂಗ್ಲಿಷಿನಲ್ಲಿ ಹೇಳಿದ್ದೇ ತಡ, ಮುಖ ಅರಳಿತು. ಗುಂಡು ತೆಗೆದು ಆ ಪಿಸ್ತೂಲನ್ನೂ ಎರಡು ಬಂದೂಕನ್ನೂ ತಂದು ಸಾಲಾಗಿ ಇಟ್ಟು, ಟೋಪಿ ತೆಗೆದು ನಿಂತರು. ಮೂರಕ್ಕೂ ಕುಂಕುಮ ಹಚ್ಚಿ ಚೆಂಡುಹೂ ಏರಿಸಿದೆ. ಅವರು ಎತ್ತಿಕೊಳ್ಳಲು ಬಗ್ಗಿದಾಗ ಅಭ್ಯಾಸಬಲದಿಂದ ಗದರಿಬಿಟ್ಟೆ: “ಏ, ಪೂಜಾ ಆದಮ್ಯಾಲ ನಾಳಿ ತನಕ ಮುಟ್ಟಂಗಿಲ್ರೀ!” ಮಗಳು ಹೆದರುತ್ತಲೇ ತಿಳಿಸಿದಳು. ಸಾಹೇಬರು ಕೈ ಹಿಂದೆ ಕಟ್ಟಿಕೊಂಡು ಬರಿ ಸೊಂಟದಲ್ಲಿ ಮನೆಗೆ ನಡೆದರು. ಮೂರೂ ನಮ್ಮ ದೇವರಮನೆಯಲ್ಲಿವೆ.

ಮೊಣಕಾಲು ನೋವು ಕಡಿಮೆ, ಬಿಪಿ ಗುಳಿಗೆ ತಪ್ಪಿಸಿಲ್ಲ. ಮುಗಿಸುತ್ತೇನೆ. ಸಾಹೇಬರು ಬೆಳಗಿನಿಂದ ಮೂರನೇ ಸಲ ಬಾಗಿಲು ಬಡಿಯುತ್ತಿದ್ದಾರೆ, ಈಗಲಾದರೂ ಮುಟ್ಟಬಹುದೇ ಎಂದು ನನ್ನನ್ನು ಕೇಳಲು.

ನಿನ್ನ ಗಿರಿಜಾ