ಹಾಸಿಗೆಯಡಿಯ ಚಾಪೆ

ಮಂಗಳವಾರ, ಜುಲೈ ೯

ಓರಗಿತ್ತಿ ಫುಸಿ ಇವತ್ತೂ ಹೊಟ್ಟೆ ಉರಿಸಿದಳು. ಇಬ್ಬರೂ ಒಂದೇ ವರ್ಷ ನೇಯ್ದ ಕೇದಗೆ ಚಾಪೆಗಳು. ನನ್ನದು ಮದುವೆಗೋ ಸಾವಿಗೋ ಕೊಡಲು ಬೇಕೆಂದು ಇಪ್ಪತ್ತು ವರ್ಷದಿಂದ ಹಾಸಿಗೆಯಡಿ ಇದೆ. ಈ ವವಾವು ದ್ವೀಪದಲ್ಲಿ ಹಾಗೆ ಇಡದವಳು ಅವಳೊಬ್ಬಳೇ. ತನ್ನದನ್ನು ಅಂಗಳದಲ್ಲಿ ಹಾಸಿ, ಮೇಲೆ ಕೂತು ಸುಟ್ಟ ಜೀಗುಜ್ಜೆ ತಿನ್ನುತ್ತಾಳೆ. ನನ್ನ ಮೊಮ್ಮಗಳು ಲುಪೆಯೂ ಅಲ್ಲೇ ಉರುಳಾಡುತ್ತಾಳೆ.

"ಚಾಪೆ ಹಾಳಾಗಲ್ವೇನೇ?" ಅಂದೆ.

"ಆಗ್ಲಿ ಬಿಡಕ್ಕ. ನಿನ್ ಚಾಪೆ ಹೆಣ ಕಾಯ್ತಾ ಇದೆ, ನಂದು ಮಗು ಆಡಿಸ್ತಾ ಇದೆ."

ಲುಪೆ ಕಿಸಕ್ಕನೆ ನಕ್ಕಳು. ನನ್ನ ಮೊಮ್ಮಗಳು!

ಮನೆಗೆ ಬಂದವಳೇ ಹಾಸಿಗೆ ಎತ್ತಿ, ಚಾಪೆ ಎಳೆದು ಜಗುಲಿಯಲ್ಲಿ ಹಾಸಿದೆ. ತಣ್ಣಗೆ ಹಿತವಾಗಿತ್ತು. ಲುಪೆ ಬಂದು ತೊಡೆಯ ಮೇಲೆ ತಲೆಯಿಟ್ಟಳು. ಅಷ್ಟು ಸಾಕಿತ್ತು. ನನಗೆ ಸಾಕಾಗಲಿಲ್ಲ. ಫುಸಿ ನೋಡಿದಳೇ ಎಂದು ಬೇಲಿಯಾಚೆಯ ಅವಳ ಅಂಗಳದತ್ತ ಕತ್ತು ಚಾಚಿದೆ.

ಆ ಹಾಳು ಹೆಂಗಸು ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಳು.