ಮೋಸಂಬಿ ಪಥ್ಯ

ಮೂಡಲಪಾಳ್ಯ
ಭಾನುವಾರ ಮಧ್ಯಾಹ್ನ

ಕಾಯಿಲೆ ಬಿದ್ದಿರುವ ನಮ್ಮ ಯಜಮಾನರಿಗೆ,

ನಮಸ್ಕಾರ. ಫೋನ್ ಮಾಡಿದರೆ ನೀವು ಮಾತಿಗಿಂತ ಹೆಚ್ಚು ಕೆಮ್ಮುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ.

ಜಗಳದ ಮೂಲ ಮರೆಯಬೇಡಿ. ಹಿಂಡಿದ ಕೂಡಲೇ ಕುಡಿಯಿರಿ ಎಂದು ಮೋಸಂಬಿ ಜ್ಯೂಸ್ ಕೊಟ್ಟೆ. ನೀವು ಮ್ಯಾಚ್ ಮುಗಿಸಿಕೊಂಡು ಕುಡಿದಿರಿ. ಇಟ್ಟರೆ ಅದು ಕಹಿಯಾಗದೆ ಇನ್ನೇನಾಗುತ್ತದೆ? "ಇವಳಿಗೆ ಒಂದು ಜ್ಯೂಸ್ ಮಾಡೋಕೂ ಬರಲ್ಲ" ಅಂತ ನಿಮ್ಮ ಅಕ್ಕನ ಮುಂದೆ ಅಂದುಬಿಟ್ಟಿರಿ. ಬಹಳ ನೋವಾಯಿತು, ಅಡುಗೆಮನೆಯಲ್ಲಿ ನಿಂತು ಅತ್ತೆ. ಅಕ್ಕನೆದುರು ಆಡಿದ್ದನ್ನು ಅಕ್ಕನೆದುರೇ ವಾಪಸ್ ತೆಗೆದುಕೊಳ್ಳಿ, ಅಲ್ಲಿಯವರೆಗೆ ಬರುವುದಿಲ್ಲ ಎಂದು ಹೇಳಿಯೇ ಅಮ್ಮನ ಮನೆಗೆ ಬಂದೆ.

ವಾರ ಕಳೆಯುವಷ್ಟರಲ್ಲಿ ನಿಮಗೆ ಜ್ವರ! ಹಾಸಿಗೆ ಹಿಡಿದಿದ್ದೀರೆಂದು ನಮ್ಮ ಎದುರುಮನೆ ರಾಮಮ್ಮ ಫೋನಿನಲ್ಲಿ ಗಾಬರಿಯಿಂದ ಹೇಳಿದ ಕೂಡಲೇ ಹೊರಟು ನಿಂತೆ. ಚಪ್ಪಲಿಯನ್ನೂ ಮೆಟ್ಟಿದ್ದೆ. ಅಷ್ಟರಲ್ಲಿ ನನ್ನ ತಮ್ಮ ಸಿದ್ದೇಶ್ ಬಂದು, "ಭಾವ ಈಗ್ತಾನೆ ಕುರುಬರಹಳ್ಳಿ ಹತ್ರ ನಿಂತ್ಕೊಂಡು ಮಸಾಲೆ ದೋಸೆ ಹೊಡೀತಾ ಇದ್ರು ಕಣಕ್ಕಾ" ಎಂದ. ಚಪ್ಪಲಿ ಬಿಟ್ಟೆ.

ಆಮೇಲೆ ರಾಮಮ್ಮನಿಗೆ ಫೋನ್ ಮಾಡಿ, ಡಾಕ್ಟರು ಅನ್ನ, ಕಾಫಿ ಏನೂ ಕೊಡಬೇಡಿ ಅಂದಿದ್ದಾರೆ, ಸಕ್ಕರೆ ಹಾಕದ ಮೋಸಂಬಿ ಜ್ಯೂಸ್ ಮಾತ್ರ ಎಂದು ಹೇಳಿದವಳು ನಾನೇ. ಪಾಪ, ಅವರು ಬೀದಿಗೆಲ್ಲ ಸಾರಿದರು. ಬಸವೇಶ್ವರನಗರದ ನಮ್ಮ ಬೀದಿಯವರಿಗೆ ಯಾರಿಗೋ ಹುಷಾರಿಲ್ಲ ಅಂದರೆ ಸಾಕು, ಮೋಸಂಬಿ ಚೀಲ ಹಿಡಿದು ಹೊರಟೇಬಿಡುತ್ತಾರೆ. ಲೋಟ ಖಾಲಿಯಾಗುವ ತನಕ ಪಕ್ಕದ ಮನೆ ದೇವೇಂದ್ರಪ್ಪನವರು ಮಂಚದ ಬಳಿಯಿಂದ ಕದಲುವುದಿಲ್ಲವಂತೆ. ಹುಷಾರಾಗಿದ್ದೇನೆ ಎಂದು ಹೇಳುವ ಹಾಗೂ ಇಲ್ಲ ನೀವು. ಉಪ್ಪು ತಿಂದವರು ನೀರು ಕುಡಿಯಲೇಬೇಕು; ಸುಳ್ಳು ಹೇಳಿದವರು ಜ್ಯೂಸ್ ಕುಡಿಯಲಿ.

ನನ್ನ ಮಾತಿಗೆ ನಾನು ಬದ್ಧಳು. ಅಕ್ಕನ ಮುಂದೆ ಹೇಳದ ಹೊರತು ಬರುವವಳಲ್ಲ.

ಇಂತಿ, ಕೋಪ ಇನ್ನೂ ಪೂರ್ತಿ ಇಳಿಯದ
ಮಾಲಾ

ಮತ್ತೊಂದು ಮಾತು: ನಿನ್ನೆ ಸಂಜೆಯ ಲೋಟ ರಾಮಮ್ಮ ಹಿಂಡಿದ್ದಲ್ಲ. ಎಷ್ಟೆಂದರೂ ಜೀವ ತಡೆಯದೆ ನಿಮ್ಮನ್ನು ನೋಡಿಹೋಗಲು ಬಂದಿದ್ದೆ. ಅವರ ಮನೆಯಲ್ಲಿ ನಾನೇ ಹಿಂಡಿಕೊಟ್ಟು, ಅವರ ಹಿಂದೆಯೇ ಬಂದು ನಮ್ಮ ಬಾಗಿಲ ಮರೆಯಲ್ಲಿ ನಿಂತೆ. ಒಂದು ಗುಟುಕು ಕುಡಿದು ನೀವು, ಎದುರಿಗೆ ಕೂತಿದ್ದ ಅಕ್ಕನಿಗೆ, "ಥೇಟ್ ನಮ್ಮ ಮಾಲಾ ಮಾಡೋ ಥರಾನೇ ಇದೆ ಕಣಕ್ಕಾ. ಅವತ್ತು ನಾನೇ ತಪ್ಪು ಮಾತಾಡ್ಬಿಟ್ಟೆ" ಅಂದಿರಿ. ಅಳು ಬಂತು, ಓಡಿಬಂದೆ. ಈ ಕಾಗದ ಇವತ್ತೇ ಸಿದ್ದೇಶನ ಕೈಲಿ ಕಳಿಸುತ್ತಿದ್ದೇನೆ; ನಾಳೆ ಬೆಳಿಗ್ಗೆ ಬರುತ್ತೇನೆ. ಬಾಗಿಲು ನೀವೇ ತೆಗೆಯಿರಿ. ಮಂಚದ ಮೇಲೇ ಇದ್ದರೆ ದೇವೇಂದ್ರಪ್ಪನವರನ್ನು ಕರೆಯುತ್ತೇನೆ.