ಔಷಧಿ ಕಿಟಕಿಯ ಒಳಗಿನಿಂದ

ಸೋಮವಾರ, ಊಟದ ಬಿಡುವು

ಪ್ರೀತಿಯ ಅಕ್ಕಾ,

ಫೋನ್ ಎತ್ತುತ್ತಿಲ್ಲವೆಂದು ನನ್ನ ಮೇಲೆ ಉರಿದುಬೀಳುತ್ತಿರುತ್ತೀಯ. ನಿನ್ನ ದನಿ ಕೇಳಿದರೆ ಕಟ್ಟಿಕೊಂಡದ್ದೆಲ್ಲ ಒಡೆದುಹೋಗುತ್ತದೆ, ಆಮೇಲೆ ಕೆಲಸಕ್ಕೆ ನಿಲ್ಲಲಾರೆ. ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮ ಕಡೆ ಹೊರಟಿರುವ ಆಂಬುಲೆನ್ಸ್ ಚಾಲಕರು ತಲುಪಿಸುತ್ತೇನೆಂದಿದ್ದಾರೆ.

ನಮ್ಮ ಆಸ್ಪತ್ರೆಯ ಔಷಧಿ ಅಂಗಡಿಯನ್ನು ನೋಡಿದ್ದೀಯಲ್ಲ, ಬಚ್ಚಲುಮನೆಗಿಂತ ತುಸು ದೊಡ್ಡದು. ಈಗ ಕಿಟಕಿಯಲ್ಲಿ ಅಂಗೈಯಗಲದ ಕಂಡಿ ಬಿಟ್ಟು ಉಳಿದದ್ದಕ್ಕೆಲ್ಲ ದಪ್ಪ ಪ್ಲಾಸ್ಟಿಕ್ ಹೊಡೆದಿದ್ದಾರೆ. ಮುಖಗಳು ಕಾಣುವುದಿಲ್ಲ, ಕೈಗಳು ಮಾತ್ರ. ಎಲ್ಲ ಕೈಗೂ ಬೇಕಿರುವುದು ಈ ಸೋಂಕಿಗೆ ಕೊಡುವ ಅದೊಂದೇ ಇಂಜೆಕ್ಷನ್. ಸರಬರಾಜು ನಿಂತು ವಾರಗಳಾದವು. ಇಲ್ಲ ಎಂದರೆ ಯಾರೂ ನಂಬುವುದಿಲ್ಲ. ನಾವು ಬಚ್ಚಿಟ್ಟಿದ್ದೀವಂತೆ.

ನನಗೆ ಕೆಲಸ ಕಲಿಸಿದ ಹಿರಿಯರಿದ್ದಾರಲ್ಲ, ನಾವೆಲ್ಲ ಮೇಷ್ಟ್ರು ಎನ್ನುವವರು, ಹೋದ ವಾರ ಕುಸಿದುಹೋದರು. ಅದು ಸಿಗದೆ ಅಪ್ಪನನ್ನು ಕಳೆದುಕೊಂಡ ಒಬ್ಬಾತ ಮತ್ತೆ ಕಿಟಕಿಗೆ ಬಂದಿದ್ದ. ಬೈಯಲಿಲ್ಲ. ಡಾಕ್ಟರ ಚೀಟಿಯನ್ನು ಒಳಕ್ಕೆ ತಳ್ಳಿ, "ಇಟ್ಕೊಳ್ಳಿ ಸಾರ್, ಇನ್ನು ನಮಗೆ ಬೇಡ" ಎಂದು ಹೊರಟುಹೋದ. ಮೇಷ್ಟ್ರು ಹಿಂದಿನ ಕೋಣೆಗೆ ಹೋಗಿ ಖಾಲಿ ರಟ್ಟಿನ ಡಬ್ಬಗಳ ನಡುವೆ ಕೂತುಬಿಟ್ಟರು. ಎಷ್ಟು ಕರೆದರೂ ಒಂದೇ ಮಾತು, "ಏಳಕ್ಕಾಗ್ತಿಲ್ಲಮ್ಮ."

ಮ್ಯಾನೇಜರ್ ಬಳಿ ಓಡಿದೆ. "ಎಲ್ರಿಗೂ ಕಷ್ಟ ಇದೆ ಕಣಮ್ಮ, ಬದಲಿ ಜನ ಎಲ್ಲಿಂದ ತರ್ಲಿ?" ಎಂದವರು ಗೋಡೆಯ ಮೇಲಿನ ಹಾಳೆಯತ್ತ ಕೈ ತೋರಿಸಿದರು. ಸಿಬ್ಬಂದಿಯ ಮನಸ್ಸಿನ ನೆಮ್ಮದಿಗೆಂದು ಸಹಾಯವಾಣಿಯಂತೆ. ಮೇಷ್ಟ್ರನ್ನು ಅವರ ಹೆಂಡತಿ ಬಂದು, ಶಾಲೆಯಿಂದ ಮಗುವನ್ನು ಕರೆದೊಯ್ಯುವಂತೆ ಕೈಹಿಡಿದು ಕರೆದುಕೊಂಡು ಹೋದರು. ಅಂದಿನಿಂದ ನಾನೊಬ್ಬಳೇ.

ನಿನ್ನೆ ಬೆಳಿಗ್ಗೆ ಕಿಟಕಿ ಮುಚ್ಚಿ ನಾನೂ ಆ ಡಬ್ಬಗಳ ನಡುವೆ ಹೋಗಿ ಕೂತೆ. ಆ ಸಹಾಯವಾಣಿಗೇ ಫೋನ್ ಮಾಡಿದೆ. ಎತ್ತಿದ ಹೆಂಗಸಿನ ದನಿ ಬಹಳ ಮೆತ್ತಗಿತ್ತು. "ನಿಧಾನಕ್ಕೆ ಉಸಿರು ಎಳ್ಕೊಳ್ಳಿ, ನಾನಿದ್ದೀನಿ" ಎಂದರು. ಎಳೆದುಕೊಂಡೆ. ನಿಜವಾಗಿ ಹಗುರವಾಯಿತು ಅಕ್ಕ. ಏನು ಕೆಲಸ ಎಂದು ಕೇಳಿದರು. ಔಷಧಿ ಕೊಡುವವಳು ಎಂದೆ. ಒಮ್ಮೆಲೇ ಅವರ ದನಿಯೇ ಬೇರೆಯಾಯಿತು. "ನಾನು ಇದನ್ನ ಕೇಳಬಾರ್ದು... ನಮ್ಮಮ್ಮಂಗೆ ಆ ಇಂಜೆಕ್ಷನ್ ಎಲ್ಲೂ ಸಿಗ್ತಿಲ್ಲ. ನಿಮ್ಮ ಹತ್ರ ಒಂದಾದ್ರೂ ಇದ್ಯಾ?"

ಇಲ್ಲ ಎಂದೆ. ಇಬ್ಬರೂ ಅತ್ತೆವು. ಯಾರು ಯಾರನ್ನು ಸಮಾಧಾನ ಮಾಡಬೇಕೆಂದು ತಿಳಿಯದೆ ಕೊನೆಗೆ ಅವರೇ ಸಾರಿ ಎಂದು ಫೋನ್ ಇಟ್ಟರು. ನಾನು ಮುಖ ತೊಳೆದುಕೊಂಡು ಹೋಗಿ ಕಿಟಕಿ ತೆರೆದೆ. ಇನ್ನೇನು ಮಾಡಲಿ, ನೀನೇ ಹೇಳು. ಬಾಗಿಲು ಹಾಕಿಕೊಂಡು ಹೋದರೆ ಜ್ವರದ ಮಾತ್ರೆಯೂ ಸಿಗದೆ ಹೋಗುತ್ತದಲ್ಲ.

ಸಿಟ್ಟಿದ್ದರೂ ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ
ಪುಟ್ಟಿ

ತಾ.ಕ.: ಇದನ್ನು ಮೇಲೆಯೇ ಬರೆಯಬೇಕಿತ್ತು, ಕೈ ಬರಲಿಲ್ಲ. ನಿನ್ನೆ ಸಂಜೆ ಒಂದೇ ಒಂದು ಇಂಜೆಕ್ಷನ್ ಬಂತು. ಅದಕ್ಕೆಂದೇ ನೀನು ಕಳಿಸಿದ್ದ ಭಾವನ ಚೀಟಿ ನನ್ನ ಕಣ್ಣೆದುರೇ ಇತ್ತು. ಹೊರಗೆ, ಸಾಲಿನ ಮೊದಲಲ್ಲಿ, ಬೆಳಿಗ್ಗೆ ನಾನು ಒಳಗೆ ಬರುವಾಗಲೇ ಕಂಡಿದ್ದ, ಆಗಿನಿಂದ ಕದಲದೆ ನಿಂತಿದ್ದ ಬಸುರಿಯೊಬ್ಬಳು ಗಂಡನಿಗೆಂದು ಕೈ ಚಾಚಿದಳು. ಅವಳಿಗೆ ಕೊಟ್ಟುಬಿಟ್ಟೆ ಅಕ್ಕ. ಭಾವ ಹೇಗಿದ್ದಾರೆ ಎಂದು ಕೇಳಲು ನನಗೆ ಯಾವ ಬಾಯಿದೆ?